ಘಾಟು ಬಿಡದ ಕಾದಂಬರಿ

ತೆರೆದರೆ ಸೀನು ಬರಿಸುವ ಪುಸ್ತಕವೊಂದು ನನ್ನ ಕಪಾಟಿನಲ್ಲಿದೆ. ರಕ್ಷಾಪುಟ ಎಂದೋ ಹೋಗಿದೆ, ಅಂಚುಗಳು ಮೆತ್ತಗಾಗಿವೆ, ಆದರೆ ನಡುವಿನ ಹಾಳೆಗಳನ್ನು ಒಣಮೆಣಸಿನಕಾಯಿಯ ಘಾಟು ಇಷ್ಟು ವರ್ಷವಾದರೂ ಬಿಟ್ಟಿಲ್ಲ. ಅದೊಂದು ಪ್ರೇಮ ಕಾದಂಬರಿ. ಹಾಗೆಂದ ಕೂಡಲೇ ಮೂಗು ಮುರಿಯುವವರು ನಿಮ್ಮಲ್ಲೂ ಇರಬಹುದು. ಮುರಿಯಲಿ, ನನ್ನ ಮೂಗಿಗಂತೂ ಈ ಪುಸ್ತಕದೆದುರು ಕೆಂಪಾಗಿಯೇ ರೂಢಿ.

ಶಹಾಪುರದ ಕಡೆಯ ನಮ್ಮೂರಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ದಿನಗಳಲ್ಲಿ ಅವ್ವನೂ ನೆರೆಯ ಹೆಂಗಸರೂ ನಮ್ಮ ಅಂಗಳದಲ್ಲಿ ಸುತ್ತುಗಟ್ಟಿ ಕೂರುತ್ತಿದ್ದರು. ಯಾರಿಗೂ ಓದು ಬಾರದು, ಕಥೆಯ ರುಚಿ ಮಾತ್ರ ಚೆನ್ನಾಗಿ ಬಲ್ಲರು. ಹಾಗಾಗಿ ಒಂದು ಕರಾರು: ನಾನು ಗಟ್ಟಿಯಾಗಿ ಓದಬೇಕು, ನನ್ನ ಪಾಲಿನ ಕಾಯಿಯನ್ನು ಅವರೆಲ್ಲ ಹಂಚಿಕೊಂಡು ಬಿಡಿಸಬೇಕು. ಹೊಲಿಗೆ ಯಂತ್ರ ತುಳಿದು ಮನೆ ಸಾಕುವ ಆ ಕಾದಂಬರಿಯ ನಾಯಕಿ ಮೂರೇ ದಿನದಲ್ಲಿ ನಮ್ಮ ಓಣಿಯ ಮಗಳಾದಳು. ಅವಳನ್ನು ಕಾಯಿಸಿದ ಪ್ರಿಯಕರನಿಗೆ ನಮ್ಮ ಅಂಗಳದಲ್ಲಿ ಬೈಗುಳ ಬೀಳುತ್ತಿತ್ತು.

ಆಗ ನಾನು ಭೀಮರಾಯನಗುಡಿಯ ಕೃಷಿ ಕಾಲೇಜಿನ ಮೊದಲ ವರ್ಷದಲ್ಲಿದ್ದೆ, ರಜೆಗೆ ಬಂದಿದ್ದೆ. ಸುರಪುರದಿಂದ ಒಳ್ಳೆಯ ಸಂಬಂಧ ಬಂದಿತ್ತು, ಆದರೆ ಓದು ಬಿಡಬೇಕೆಂಬುದು ಅವರ ಷರತ್ತು. ನಾಲ್ಕನೆಯ ದಿನ ಓದಲು ಕೂತಾಗ, ಮರುದಿನವೇ ಅವರಿಗೆ ಮಾತು ಕೊಡಬೇಕಿತ್ತು. ಒಲ್ಲೆನೆನ್ನುವ ಧೈರ್ಯ ನನಗಿರಲಿಲ್ಲ. ಪುಸ್ತಕದ ಮೇಲೆ ಕಣ್ಣಿಟ್ಟು, ಅದರಲ್ಲಿ ಇಲ್ಲದ್ದನ್ನೇ ಓದತೊಡಗಿದೆ. ನಾಯಕಿಯನ್ನು ಕಾಲೇಜಿಗೆ ಸೇರಿಸಿದೆ, ವರನನ್ನು ಕರೆತಂದೆ, ಅದೇ ಷರತ್ತು ಹಾಕಿಸಿದೆ. ‘ಅವಳು ತಾಯಿಯ ಮುಖ ನೋಡಿದಳು’ ಎಂದು ಓದಿ, ಮುಂದೆ ತೋಚದೆ ಅಲ್ಲೇ ನಿಲ್ಲಿಸಿದೆ.

ಪಕ್ಕದ ಮನೆಯ ಶಾಂತಕ್ಕ, "ಮುಂದ ಓದ್ ತಂಗಿ, ಆಕಿ ಅವ್ವ ಏನಂದ್ಲು?" ಎಂದಳು.

ಉತ್ತರ ಕೊಟ್ಟವಳು ಅವ್ವ. "ಏನಂತಾಳ? ನನ್ನ ಮಗಳ ಓದು ಮುಗೀಲಿ, ಬೇಕಾದ್ರ ಕಾಯ್ರಿ, ಇಲ್ಲಂದ್ರ ಬ್ಯಾರೆ ಕಡಿ ನೋಡ್ಕೋರಿ ಅಂತಾಳ."

ಹೆಂಗಸರು ಹೌದೌದೆಂದರು. ಆಮೇಲೆ ಅವ್ವ ನನ್ನತ್ತ ಬಾಗಿ ದನಿ ತಗ್ಗಿಸಿದಳು. "ನನಗ ಅಕ್ಷರ ಬರಂಗಿಲ್ಲ ಖರೆ. ಆದ್ರ ನೀ ಆಗಿಂದ ಒಂದೇ ಹಾಳಿ ಹಿಡ್ಕೊಂಡು ಕುಂತೀದಿ, ಅದು ಕಾಣ್ತದ." ಹಾಗೆಂದು ತಾನೇ ಕೈ ಚಾಚಿ ಹಾಳೆ ತಿರುವಿದಳು.

ಮರುದಿನ ಬಂದವರಿಗೂ ಅದೇ ಮಾತನ್ನು ಅಷ್ಟೇ ನೆಟ್ಟಗೆ ಹೇಳಿದಳು.

ಇಂಥ ಕಥೆಗಳು ಹುಡುಗಿಯರ ತಲೆ ಕೆಡಿಸುತ್ತವೆ ಎನ್ನುವವರಿಗೆ ನಾನು ಕಂಡದ್ದನ್ನು ಹೇಳುತ್ತೇನೆ. ಸ್ವಂತ ಮಗಳ ವಿಷಯದಲ್ಲಿ ನಾಲ್ಕು ಜನಕ್ಕೆ ಅಂಜುವ ತಾಯಿ, ಕಥೆಯ ಮಗಳಿಗಾಗಿ ನಾಲ್ಕು ಜನರೆದುರೇ ನ್ಯಾಯ ಹೇಳಬಲ್ಲಳು. ಒಮ್ಮೆ ಹೇಳಿದ ಮಾತನ್ನು ಹಿಂದೆಗೆಯುವುದು ನಮ್ಮವ್ವನ ಜಾಯಮಾನವಲ್ಲ. ನಿಜವಾದ ಪುಸ್ತಕದಲ್ಲಿ ನಾಯಕಿ ಹೊಲಿಗೆ ಬಿಟ್ಟು ಮದುವೆಯಾಗುತ್ತಾಳೆ. ನಾನು ಪದವಿ ಮುಗಿಸಿದೆ.

ನಿನ್ನೆ ಆ ಪುಸ್ತಕವನ್ನು ಮತ್ತೆ ತೆರೆದೆ, ಸೀನಿದೆ. ಆ ಹಾಳೆಯ ಮೂಲೆಯಲ್ಲಿ ಅವ್ವನ ಹೆಬ್ಬೆರಳಿನ ಕೆಂಪು ಗುರುತು ಹಾಗೇ ಇದೆ. ನನ್ನ ಪದವಿಪತ್ರದ ಬಗೆಗೂ ನನಗೆ ಅಷ್ಟು ಹೆಮ್ಮೆಯಿಲ್ಲ. ಉಳಿದ ಪುಟಗಳು ಲೇಖಕರವು. ಅದೊಂದು ಮಾತ್ರ ನಾನು ಶುರು ಮಾಡಿ, ಅವ್ವ ಮುಗಿಸಿದ್ದು.