ಅಪ್ಪನನ್ನು ಕರೆತಂದ ತಸ್ಲೀಮ್

ಹರಿಹರದಲ್ಲಿ ಗಾದಿ ಹೊಲಿಯುವ ಅಮೀರ್ ಜಾನ್ ಅವರ ಮಗಳು ತಸ್ಲೀಮ್ ದಾವಣಗೆರೆಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದುತ್ತಾಳೆ. ಮೊದಲ ಸೆಮಿಸ್ಟರಿನಲ್ಲಿ ಫಿಸಿಕ್ಸ್ ಕೈಕೊಟ್ಟಿತು. ಎರಡನೆಯದರಲ್ಲೂ ಹೋದರೆ ಕಾಲೇಜು ಬಿಟ್ಟು ಅಪ್ಪನ ಜೊತೆ ಹತ್ತಿ ತುಂಬುವುದೆಂದು ಅವಳೇ ತೀರ್ಮಾನಿಸಿದ್ದಳು. ಈ ಸಲದ ಮೊದಲ ಇಂಟರ್ನಲ್ಸ್‌ನಲ್ಲಿ ಅಂಕಕ್ಕಿಂತ ಆತಂಕವೇ ಹೆಚ್ಚು ಬಂತು. ಉತ್ತರಪತ್ರಿಕೆಯ ಮೇಲೆ ಫಿಸಿಕ್ಸ್ ಮೇಷ್ಟ್ರು ಏಕಾಂತಪ್ಪ ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ಡಿಪಾರ್ಟ್‌ಮೆಂಟಿಗೆ ಬಂದು ನನ್ನನ್ನು ಕಾಣಿ.’

ಬಾಮ್ಮ, ತಪ್ಪಿದ ಲೆಕ್ಕ ಹೇಳಿಕೊಡುತ್ತೇನೆ ಎಂಬುದು ಅವರ ಮನಸ್ಸಿನಲ್ಲಿದ್ದದ್ದು. ತಸ್ಲೀಮ್ ಓದಿದ ಶಾಲೆಯಲ್ಲಾದರೋ ಮೇಷ್ಟ್ರ ಕೋಣೆಗೆ ಕರೆ ಬಂದವರು ಮಾರನೆಯ ದಿನ ಅಪ್ಪನನ್ನು ಕರೆತರಬೇಕಿತ್ತು. ಅವಳು ಏಕಾಂತಪ್ಪನವರ ಬೂಟಿನ ಸದ್ದು ಕೇಳಿದರೆ ಸಾಕು, ಲೈಬ್ರರಿ ಸೇರುತ್ತಿದ್ದಳು. ಎಂಥ ಪುಸ್ತಕಪ್ರೇಮ ಎಂದು ಲೈಬ್ರರಿಯವರು ಹೊಗಳಿದ್ದೂ ಉಂಟು. ಎರಡನೆಯ ಇಂಟರ್ನಲ್ಸ್‌ನಲ್ಲೂ ಅದೇ ಕೆಂಪು ಸಾಲು ಬಂದಾಗ ಅಪ್ಪನ ಕೈಗೆ ಪತ್ರಿಕೆ ಕೊಟ್ಟು ಅತ್ತಳು.

ಅಮೀರ್ ಜಾನ್ ಅಂಗಡಿ ಮುಚ್ಚಿ, ಈದ್‌ಗೆ ಹೊಲಿಸಿದ ಬಿಳಿ ಜುಬ್ಬಾ ತೊಟ್ಟು ಮಗಳೊಂದಿಗೆ ಬಸ್ಸು ಹತ್ತಿದರು. ಡಿಪಾರ್ಟ್‌ಮೆಂಟಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೈಮುಗಿದರು.

“ತಪ್ಪಾಗೈತೆ ಸರ್. ಇದೊಂದ್ ಸಲ ಬಿಟ್ಬಿಡ್ರಿ.”

“ಏನ್ ತಪ್ಪು?” ಎಂದರು ಏಕಾಂತಪ್ಪ.

“ಅದು ನೀವೇ ಹೇಳ್ಬೇಕ್ರಿ. ಕೇಳಿದ್ರೆ ಅಳ್ತಾಳೆ, ಬಾಯೇ ಬಿಡಲ್ಲ.”

ಪಕ್ಕದ ಮೇಜಿನವರು ನಕ್ಕರು. ತಸ್ಲೀಮ್ ವೇಲಿನ ಅಂಚನ್ನು ಬೆರಳಿಗೆ ಸುತ್ತುತ್ತ ನೆಲ ನೋಡಿದಳು. ಏಕಾಂತಪ್ಪ ಪತ್ರಿಕೆ ಇಸಿದುಕೊಂಡು ತಮ್ಮದೇ ಅಕ್ಷರ ಓದಿದರು. ವರ್ಷಗಳಿಂದ ಬರೆಯುತ್ತ ಬಂದ ಸಾಲು ಅದು. ಬಾರದವರನ್ನೆಲ್ಲ ಸೋಮಾರಿಗಳೆಂದು ಇದೇ ಕೋಣೆಯಲ್ಲಿ ಆಡಿಕೊಂಡಿದ್ದರು. ಅವರು ಎದುರಿನ ಕುರ್ಚಿ ಎಳೆದರು.

“ಲೆಕ್ಕ ಹೇಳ್ಕೊಡಾಣ ಅಂತ ಕರ್ದಿದ್ದೆ, ಯಜಮಾನ್ರೇ. ಕೂಡ್ರಿ.”

“ಅಷ್ಟೇನಾ? ಲ್ಯಾಬಿನ್ಯಾಗೆ ಏನೋ ಒಡ್ದಾಳೆ ಅಂದ್ಕಂಡು, ಬಸ್ಸಿನ್ಯಾಗೆ ದುವಾ ಮಾಡ್ಕಂತ ಬಂದೆ.”

ಅಮೀರ್ ಜಾನ್ ಕೂರಲಿಲ್ಲ. ಏಕಾಂತಪ್ಪ ಆ ಕುರ್ಚಿಯಲ್ಲಿ ತಸ್ಲೀಮಳನ್ನು ಕೂರಿಸಿ, ಲೆಕ್ಕ ಬಿಡಿಸಿ ತೋರಿಸಿದರು. ತಲೆ ಎತ್ತದೆ, “ತಿಳೀತಾ?” ಎಂದರು.

“ತಿಳೀತು ಸರ್.”

ಕ್ಲಾಸಿನಲ್ಲಿ ದಿನವೂ ಕೊಡುವ ಉತ್ತರ, ತಾನಾಗಿ ಬಂದುಬಿಟ್ಟಿತ್ತು. ತಸ್ಲೀಮ್ ಬಾಗಿಲ ಕಡೆ ತಿರುಗಿದಳು. ಬರಿಗಾಲಲ್ಲಿ ನಿಂತಿದ್ದ ಅಪ್ಪ ಮುಗಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ.

“ಇಲ್ಲ ಸರ್,” ಎಂದಳು. “ತಿಳೀಲಿಲ್ಲ. ಮೊದ್ಲಿಂದ ಹೇಳ್ರಿ.”