ಹೊಲಿಗೆ ಟೀಚರ ಚದುರಂಗ ಪಾಠ

ನಾಲ್ಕನೇ ತರಗತಿಯ ಕೊನೆಯ ಬೆಂಚು ಮಕ್ಕಳ ಅಳತೆಯದು. ಅದರಲ್ಲಿ ಮುದುಡಿ ಕೂತ ಚದುರಂಗದ ಮೇಷ್ಟರ ಮೊಣಕಾಲು ಹೆಚ್ಚುಕಡಿಮೆ ಗದ್ದಕ್ಕೆ ತಾಗುತ್ತಿತ್ತು. ಪಕ್ಕದಲ್ಲಿ ಶಿಕ್ಷಣಾಧಿಕಾರಿ ಮೇಡಂ ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು. ಎದುರಿಗೆ, ಗೋಡೆಗೆ ತೂಗುಹಾಕಿದ ದೊಡ್ಡ ಚದುರಂಗದ ಪಟದ ಪಕ್ಕ, ತೋಳು ಮಡಚಿಕೊಂಡು ನಿಂತಿದ್ದವಳು ಅವನ ಒಡಹುಟ್ಟಿದ ಅಕ್ಕ.

ಈ ಪಾಠ ಪಾಸಾದರೆ ಅಕ್ಕನ ಕೆಲಸ ಉಳಿಯುತ್ತದೆ. ಇಲ್ಲವಾದರೆ ವರ್ಷದ ಕೊನೆಗೆ ಅವಳು ಮನೆಗೆ.

ಅಕ್ಕ ಆ ಶಾಲೆಯ ಹೊಲಿಗೆ ಟೀಚರು. ಹೋದ ವರ್ಷ ಹೊಲಿಗೆ ಪಾಠವನ್ನು ವೇಳಾಪಟ್ಟಿಯಿಂದ ತೆಗೆದುಹಾಕಿದ್ದರು. ಯಂತ್ರಗಳೆಲ್ಲ ಹಳೆಯ ಪರದೆ ಹೊದ್ದು ಉಗ್ರಾಣದಲ್ಲಿ ಕೂತವು. ಆ ಜಾಗಕ್ಕೆ ಚದುರಂಗ ಬಂತು. ಪಂದ್ಯ ಗೆಲ್ಲಿಸುವುದಕ್ಕಲ್ಲ; ಮಕ್ಕಳಿಗೆ ಲೆಕ್ಕ, ತಾಳ್ಮೆ, ಮುಂದಾಲೋಚನೆ ಹಿಡಿಸುವುದಕ್ಕೆ. ಶಾಲೆಗೆ ಒಬ್ಬರೇ ಚದುರಂಗದ ಟೀಚರು. ಇಲ್ಲಿ ಆ ಜಾಗಕ್ಕೆ ಇಬ್ಬರು ನಿಂತಿದ್ದರು: ಹೊಲಿಗೆ ಕಳೆದುಕೊಂಡ ಅಕ್ಕ, ಮಂಡಿ ಕಳೆದುಕೊಂಡ ಡ್ರಿಲ್ ಮಾಸ್ತರು. ಸುತ್ತಲಿನ ಶಾಲೆಗಳ ಟೀಚರುಗಳಿಗೆಲ್ಲ ತರಬೇತಿ ಕೊಟ್ಟು, ಯಾರು ತರಗತಿಗೆ ಹೋಗಬಹುದು ಎಂದು ತೀರ್ಮಾನಿಸುವ ಹೊಣೆ ತಮ್ಮನ ಹೆಗಲೇರಿತು.

ಊರಿಗೆಲ್ಲ ಅವನು ಮೇಷ್ಟ್ರು, ಅಕ್ಕನಿಗೆ ಮಾತ್ರ ಪುಟ್ಟ. ಅಮ್ಮ ತೀರಿಕೊಂಡಾಗ ಅವನಿನ್ನೂ ಶೂ ಲೇಸು ಕಟ್ಟಿಕೊಳ್ಳಲು ಕಲಿತಿರಲಿಲ್ಲ. ಕಿಟಕಿಯ ಬಳಿ ಕೂತು ಊರವರ ಅಂಗಿಗಳಿಗೆ ಗುಂಡಿ ಹಾಕಿ ಅಕ್ಕ ಅವನನ್ನು ಪಂದ್ಯಗಳಿಗೆ ಬಸ್ಸು ಹತ್ತಿಸಿದಳು. ಅವನು ದೊಡ್ಡ ಆಟಗಾರನಾಗಲಿಲ್ಲ, ಆದರೆ ಆಟಗಾರರನ್ನು ತಯಾರು ಮಾಡುವುದರಲ್ಲಿ ಎತ್ತಿದ ಕೈ. ಒಮ್ಮೆ ನೋಡಿದ ಆಟದ ಒಂದು ನಡೆಯೂ ಅವನ ತಲೆಯಿಂದ ಜಾರುತ್ತಿರಲಿಲ್ಲ. ಮದುವೆಯಾಗಲಿಲ್ಲ. "ಅದೂ ಒಂದು ನಡೆ ನೋಡು, ಅವನಿನ್ನೂ ಯೋಚಿಸ್ತಾ ಇದಾನೆ," ಎಂದು ಭಾವ ನಗುತ್ತಿದ್ದರು.

ತರಬೇತಿಯಲ್ಲಿ ಅವನು ಕಲ್ಲಿನ ಮೇಲೆ ಕೆತ್ತಿದಂತೆ ಹೇಳುತ್ತಿದ್ದ ಮಾತು ಒಂದೇ: ಮುಟ್ಟಿದ ಕಾಯಿಯನ್ನು ನಡೆಸಲೇಬೇಕು, ನಡೆಸಿದ್ದನ್ನು ಹಿಂದಕ್ಕೆ ತೆಗೆಯುವಂತಿಲ್ಲ. ಕೈಗಿಂತ ಮೊದಲು ತಲೆ ಓಡಬೇಕು. ಮಗುವಿಗೆ ಆಟ ಕಲಿಸಬೇಕಾದದ್ದು ಅದನ್ನೇ.

ಮೊದಲ ದಿನವೇ ಅಕ್ಕ ರಾಣಿಯನ್ನು ಮುಟ್ಟಿ ಕೈ ಹಿಂದೆ ತೆಗೆದಳು.

"ಮುಟ್ಟಿದ್ರಿ. ನಡೆಸಿ."

"ಮುಟ್ಟಿಲ್ಲ ಕಣೋ, ಧೂಳು ಒರೆಸಿದೆ."

ಟೀಚರುಗಳೆಲ್ಲ ಕಿಸಕ್ಕೆಂದರು. ಅವನ ಕಿವಿ ಕೆಂಪಾಯಿತು. "ಇಲ್ಲಿ ನಾನು ನಿಮ್ಮ ತಮ್ಮ ಅಲ್ಲ."

"ಹೌದಾ? ನಿನ್ನ ಮೂಗು ಒರೆಸಿದ ಕೈ ಇದು. ಇದಕ್ಕೇ ಕಾನೂನು ಹೇಳ್ತೀಯ?" ಎಂದವಳೇ ರಾಣಿಯನ್ನು ನಡೆಸಿ ಕಳೆದುಕೊಂಡಳು. ಆ ಸಂಜೆ ಮನೆಯಲ್ಲಿ ಚಹಾ ಕೊಡುವಾಗಲೂ, "ತಗೊಳ್ಳಿ ಸರ್, ಲೋಟ ಮುಟ್ಟಿದ್ಮೇಲೆ ಕುಡೀಲೇಬೇಕು ಸರ್," ಎಂದು ಚುಚ್ಚಿದಳು.

ಹೋದ ವಾರ ಡ್ರಿಲ್ ಮಾಸ್ತರ ಪಾಠ. ತಪ್ಪು ನಡೆಸಿದ ಹುಡುಗನೊಬ್ಬ ಅಳತೊಡಗಿದಾಗ ಮಾಸ್ತರು, "ಹೋಗ್ಲಿ ಬಿಡೋ, ವಾಪಸ್ ತಗೋ," ಎಂದುಬಿಟ್ಟಿದ್ದರು. ಮೇಷ್ಟ್ರು ಹಿಂದೆಮುಂದೆ ನೋಡದೆ ಫೇಲು ಮಾಡಿದ್ದ. ಈಗ ಉಳಿದವಳು ಅಕ್ಕ ಒಬ್ಬಳೇ. ಅಕ್ಕ ತಮ್ಮಂದಿರೆಂದು ತಿಳಿದ ಮೇಡಂ ಮೊದಲೇ ಹೇಳಿದ್ದರು: "ಪಾಠದ ಮಧ್ಯೆ ನೀವು ಬಾಯಿ ಬಿಟ್ರೆ, ಸನ್ನೆ ಮಾಡಿದ್ರೆ, ಅಲ್ಲಿಗೆ ಮುಗೀತು. ರದ್ದು."

ಪಾಠ ಚೆನ್ನಾಗಿಯೇ ಸಾಗಿತ್ತು. ಬರೀ ಕಾಲಾಳುಗಳ ಆಟ: ನಡೆಯುವುದು ನೇರ, ಹೊಡೆಯುವುದು ಓರೆ. ಯಾರ ಕಾಲಾಳು ಮೊದಲು ಆಚೆ ತುದಿ ಮುಟ್ಟುತ್ತದೋ ಅವರದು ಗೆಲುವು. ಮಕ್ಕಳು ಜೋಡಿ ಜೋಡಿಯಾಗಿ ಆಡುತ್ತಿದ್ದರು. ಮೇಷ್ಟರ ಮುಂದಿನ ಬೆಂಚಿನಲ್ಲೇ ಹಲ್ಲು ಬಿದ್ದ ಹುಡುಗನೊಬ್ಬನ ಎದುರು, ತರಗತಿಯಲ್ಲಿ ಬಾಯಿಯನ್ನೇ ಬಿಡದ ಹುಡುಗಿಯೊಬ್ಬಳು ಕಪ್ಪು ಕಾಯಿ ಹಿಡಿದಿದ್ದಳು. ಹುಡುಗನ ಕಾಲಾಳು ಇನ್ನೊಂದು ಮನೆ ಹಾರಿದರೆ ಗೆದ್ದ. ಅದು ಕಣ್ಣಿಗೆ ಬಿದ್ದದ್ದೇ ಹುಡುಗಿ ಎರಡೂ ತೋಳುಗಳಿಂದ ಹಲಗೆಯನ್ನು ಬಳಸಿ, ತಲೆ ತಗ್ಗಿಸಿ ಬಿಕ್ಕತೊಡಗಿದಳು.

ಉಳಿದ ಮಕ್ಕಳು ಆಟ ಬಿಟ್ಟು ತಿರುಗಿ ನೋಡಿದರು.

'ಆಟ ಮುಗೀಲಿ ಅನ್ನು,' ಮೇಷ್ಟ್ರು ಮನಸ್ಸಿನಲ್ಲೇ ಕೂಗಿದ. 'ಸೋತದ್ದು ಸೋತದ್ದೇ, ಇನ್ನೊಂದಾಟ ಆಡು ಅನ್ನು. ಅಷ್ಟೇ.'

ಅಕ್ಕ ಬಂದು ಹುಡುಗಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ಯಾಕೇ, ಬಟ್ಟೆಯೇನು ಹರಿದುಹೋಯ್ತಾ? ಎಲ್ಲೋ ಒಂದು ಹೊಲಿಗೆ ತಪ್ಪಿದೆ. ಎಲ್ಲಿ ಅಂತ ಬಿಚ್ಚಿ ನೋಡೋಣ ಬಾ."

ಮೇಡಂ ಅವರ ಪೆನ್ನು ಸರಸರ ಓಡಿತು.

ಅಕ್ಕ ಆ ಆಟವನ್ನು ಗೋಡೆಯ ಪಟಕ್ಕೆ ಏರಿಸಿದಳು. ಕೊನೆಯ ನಡೆ ಯಾವುದು? ಮಕ್ಕಳು ಹೇಳಿದರು, ಹಿಂದಕ್ಕೆ ಇಟ್ಟಳು. ಅದಕ್ಕೂ ಮೊದಲು? ಒಂದೊಂದೇ ನಡೆ ಹಿಮ್ಮುಖವಾಗಿ ಬಿಚ್ಚಿಕೊಂಡಿತು. ಸತ್ತ ಕಾಯಿಗಳು ಎದ್ದು ಬಂದು ತಮ್ಮ ಮನೆಗಳಲ್ಲಿ ನಿಂತವು. ಹುಡುಗಿ ಅಳು ನಿಲ್ಲಿಸಿ ಮೂಗು ಸೇದುತ್ತ ನೋಡುತ್ತಿದ್ದಳು. ಅಷ್ಟರಲ್ಲಿ ದಾರ ಗಂಟುಬಿತ್ತು.

"ಈ ಕಾಲಾಳು ನೇರ ಬಂದಿದ್ದು," ಎಂದ ಹಲ್ಲು ಬಿದ್ದವನು.

"ಸುಳ್ಳು! ಓರೆಯಾಗಿ ಹೊಡ್ಕೊಂಡು ಬಂತು," ಎಂದ ಪಕ್ಕದ ಬೆಂಚಿನವನು.

"ನೀನೇನು ನೋಡ್ತಿದ್ಯಾ? ನಿನ್ನಾಟ ನೀನು ನೋಡ್ಕೊ!"

ತರಗತಿ ಎರಡು ಪಾಳಯವಾಯಿತು. ಅಕ್ಕ ಕಾಯಿಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಅವಳಿಗೆ ಗೊತ್ತಿರಲಿಲ್ಲ. ಮೇಷ್ಟರಿಗೆ ಗೊತ್ತಿತ್ತು. ಓರೆಯಾಗಿಯೇ ಬಂದದ್ದು, ಅವನ ಕಣ್ಣೆದುರೇ. ಅಕ್ಕ ತಲೆಯೆತ್ತಿ ನೇರ ಅವನತ್ತ ನೋಡಿದಳು. ಒಮ್ಮೆ ರೆಪ್ಪೆ ಬಡಿದರೂ ಸಾಕಿತ್ತು. ಮೇಡಂ ಅವರೂ ಬರೆಯುವುದು ನಿಲ್ಲಿಸಿ ಅವನ ಮುಖವನ್ನೇ ನೋಡುತ್ತಿದ್ದರು. ಅವನು ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದು ಅಕ್ಕನ ಕಣ್ಣಿನಿಂದ ಕಣ್ಣು ಕಿತ್ತು ಕಿಟಕಿಯ ಸರಳು ನೋಡಿದ. ತಪ್ಪಾಗಿ ಇಟ್ಟಳೋ, ಮುಂದಿನದೆಲ್ಲ ಕಲಸುಮೇಲೋಗರ.

"ನನಗೂ ಗೊತ್ತಿಲ್ಲ," ಎಂದಳು ಅಕ್ಕ ಮಕ್ಕಳಿಗೆ. "ಕಂಡುಹಿಡಿಯೋದು ಹೇಗೆ ಹೇಳಿ."

ಹೊರಗೆ ಯಾರೋ ಬಕೆಟ್ ಎಳೆದುಕೊಂಡು ಹೋದ ಸದ್ದು. ಅಕ್ಕ ಕಾದಳು. ಅವಸರಪಡಿಸಲಿಲ್ಲ, ಸುಳಿವೂ ಕೊಡಲಿಲ್ಲ. ಆ ಮೌನ ಎಷ್ಟು ಉದ್ದವಾಯಿತೆಂದರೆ ಮೇಷ್ಟ್ರು ಪಾಠ ಸತ್ತಿತೆಂದೇ ತಿಳಿದ.

"ಹೊರಗೆ ಮೂರು ಬಿದ್ದಿದ್ವು," ಎಂದಿತು ಸಣ್ಣ ದನಿಯೊಂದು. ಬಾಯಿ ಬಿಡದ ಹುಡುಗಿ. "ನನ್ನವು. ವಾಪಸ್ ಇಟ್ಟಿದ್ದು ಎರಡೇ. ಇದಕ್ಕೂ ಮೊದ್ಲು ಯಾರೂ ಏನೂ ಹೊಡೆದಿರ್ಲಿಲ್ಲ. ಹಂಗಾದ್ರೆ ಮೂರನೇದು ಇಲ್ಲೇ ಸತ್ತಿದ್ದು. ಅವನು ಓರೆಯಾಗೇ ಬಂದ."

ಹಲ್ಲು ಬಿದ್ದವನು ಬೆರಳು ಮಡಚಿ ಎಣಿಸಿದ. "ಅಯ್ಯೋ, ಹೌದಲ್ವಾ!"

ಹುಡುಗಿ ಎದ್ದು ಹೋಗಿ ಮೂರನೇ ಕಾಲಾಳನ್ನು ತಾನೇ ಪಟದ ಮೇಲಿಟ್ಟಳು. ಇನ್ನೂ ಎರಡು ನಡೆ ಹಿಂದೆ ಹೋಗಿ, "ಇಲ್ಲಿ ನಾನು ಹೊಡೀಬೇಕಿತ್ತು. ಸುಮ್ನೆ ಮುಂದೆ ಹೋದೆ," ಎಂದಳು. ಗಂಟೆ ಹೊಡೆಯಿತು. ಮಕ್ಕಳು ಏಳಲಿಲ್ಲ.

ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಮೇಡಂ ಕನ್ನಡಕ ಒರೆಸಿಕೊಂಡರು. ಬಾಗಿಲು ಅರ್ಧ ತೆರೆದಿತ್ತು; ಹೊರಗಿನ ಬೆಂಚಿನಲ್ಲಿ ಅಕ್ಕ ಕೂತಿದ್ದಳು.

"ನಡೆಸಿದ್ದನ್ನ ಹಿಂದಕ್ಕೆ ತೆಗೆಯೋ ಹಾಗಿಲ್ಲ ಅಂದೋರು ನೀವು. ಅವರು ಇಡೀ ಆಟಾನೇ ಹಿಂದಕ್ಕೆ ತೆಗೆದ್ರು. ಪಾಸೋ ಫೇಲೋ? ತಮ್ಮನಾಗಿ ಹೇಳ್ಬೇಡಿ."

"ಪಾಸು."

"ಮತ್ತೆ ನಿಮ್ಮ ನಿಯಮ?"

ಅವನು ಮೇಜಿನ ಮೇಲಿದ್ದ ಗಾಜಿನ ಗುಂಡನ್ನೇ ನೋಡಿದ. "ಅದು ಪಂದ್ಯದ ನಿಯಮ. ಪಾಠಕ್ಕೆ ಯಾಕೆ ತಂದೆ ಅಂದ್ರೆ, ನನಗೆ ಬೇರೆ ಏನೂ ಗೊತ್ತಿರಲಿಲ್ಲ. ಮಕ್ಕಳು ಯೋಚನೆ ಮಾಡ್ಲಿ ಅಂತ ನಿಯಮ. ಇವತ್ತು ಯೋಚನೆ ಮಾಡಿದ್ರಲ್ಲ."

"ಸರಿ, ಹಾಗೇ ಬರೀತೀನಿ." ಮೇಡಂ ಪೆನ್ನು ಎತ್ತಿಕೊಂಡರು.

ಅಲ್ಲಿಗೆ ಸುಮ್ಮನಿದ್ದರೆ ಮುಗಿಯುತ್ತಿತ್ತು. ಹೊರಗೆ ಬೆಂಚು ಕಿರ್ರೆಂದಿತು, ಅಕ್ಕ ಎದ್ದಿರಬೇಕು.

"ಒಂದು ನಿಮಿಷ ಮೇಡಂ. ಡ್ರಿಲ್ ಮಾಸ್ತರನ್ನ ನಾನು ಆ ನಿಯಮಕ್ಕೇ ಫೇಲು ಮಾಡಿದ್ದು. ಇವರಿಗೊಂದು, ಅವರಿಗೊಂದು ಆಗಬಾರ್ದು. ಅವರಿಗೆ ಇನ್ನೊಂದು ಪಾಠ ಕೊಡ್ಬೇಕು."

"ಇರೋದು ಒಂದೇ ಜಾಗ. ಅವರು ಚೆನ್ನಾಗಿ ಮಾಡಿದ್ರೆ ನಿಮ್ಮ ಅಕ್ಕನಿಗೆ..."

"ಗೊತ್ತು."

ಅವನು ಹೊರಬಂದಾಗ ಬೆಂಚು ಖಾಲಿ. ಅಕ್ಕ ಗೇಟು ದಾಟಿ, ಹಿಂದೆ ತಿರುಗದೆ ಬೀದಿಯಲ್ಲಿ ಬಿರಬಿರನೆ ನಡೆಯುತ್ತಿದ್ದಳು.

ಮರುದಿನ ಸಂಜೆ ಅಂಜುತ್ತಲೇ ಅವಳ ಮನೆಗೆ ಹೋದರೆ, ಊಟದ ಮೇಜಿನ ಮೇಲೆ ಹಲಗೆ, ಎದುರಿಗೆ ಮಂಡಿ ನೀವಿಕೊಳ್ಳುತ್ತ ಡ್ರಿಲ್ ಮಾಸ್ತರು!

"ಅವರಿಗೆ ಯಾರಾದ್ರೂ ಹೇಳ್ಕೊಡ್ಬೇಕಲ್ಲ," ಎಂದಳು ಅಕ್ಕ ಅವನತ್ತ ನೋಡದೆ. "ನೀನು ಹೇಳ್ಕೊಟ್ರೆ ಮತ್ತೆ ಫೇಲಾಗ್ತಾರೆ. ಹೋಗು, ನೀನಿದ್ರೆ ಅವರ ಕೈ ನಡುಗುತ್ತೆ."

ಡ್ರಿಲ್ ಮಾಸ್ತರು ಪಾಸಾದರು. ಮೇಡಂ ಜಾಗವನ್ನು ಎರಡಾಗಿ ಹಂಚಿದರು: ಚಿಕ್ಕ ತರಗತಿಗಳು ಅಕ್ಕನಿಗೆ, ದೊಡ್ಡವು ಮಾಸ್ತರಿಗೆ. ಸಂಬಳವೂ ಅರ್ಧರ್ಧ. ಸುದ್ದಿ ಹೊತ್ತು ಹೋದ ಮೇಷ್ಟ್ರು ಬಾಗಿಲಲ್ಲೇ ನಿಂತು ಹೇಳಿದ. ಭಾವ ರೇಡಿಯೋ ಸದ್ದು ತಗ್ಗಿಸಿದರು.

"ಪೂರ್ತಿ ನನ್ನದಾಗ್ತಿತ್ತು," ಎಂದಳು ಅಕ್ಕ.

"ಹೌದು."

"ಗೊತ್ತಿದ್ದೂ ಮೇಡಂಗೆ ಹೇಳ್ದೆ."

"ಹೌದಕ್ಕ."

ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮೇಜಿನ ಮೇಲೆ ಮೂರು ತಟ್ಟೆ ಬಂದವು. ಮೂರನೆಯದನ್ನು ಕುಕ್ಕಿದ ರಭಸಕ್ಕೆ ಚಮಚ ಹಾರಿ ನೆಲಕ್ಕೆ ಬಿತ್ತು. ಮೇಷ್ಟ್ರು ಬಗ್ಗಿ ಅದನ್ನೆತ್ತಿಕೊಂಡು, ಕುರ್ಚಿ ಎಳೆದು ಕೂತ.