ಕಾನಸೂರಿನಲ್ಲಿ ನಿಂತ ಕ್ಲಾರಿಯೊನೆಟ್

1964ರಲ್ಲಿ ನಾನು ಶಿರಸಿಯ ಇನಾಸ ಮಾಸ್ತರರ ಬ್ಯಾಂಡಿನಲ್ಲಿ ವಾದ್ಯಗಳ ಉಸ್ತುವಾರಿಯಾಗಿದ್ದೆ. ಅದು ಹನ್ನೆರಡು ಜನರ ಬ್ಯಾಂಡ್: ಎರಡು ಕ್ಲಾರಿಯೊನೆಟ್, ನಾಲ್ಕು ಟ್ರಂಪೆಟ್, ಎರಡು ಯುಫೋನಿಯಂ, ಉಳಿದವು ಡ್ರಮ್ಮು ಮತ್ತು ತಾಳ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸುತ್ತಮುತ್ತ ಅನುಕೂಲಸ್ಥರ ಮನೆಯ ಮದುವೆಗಳಲ್ಲಿ ಆ ಬ್ಯಾಂಡ್ ಸಿಗದಿದ್ದರೆ ಮುಹೂರ್ತವನ್ನೇ ಮುಂದೂಡುತ್ತಿದ್ದರೆಂದು ಹೇಳುವವರಿದ್ದಾರೆ. ಅಂಥ ಒಂದು ಮದುವೆಯನ್ನೂ ನಾನು ಕಂಡಿಲ್ಲ. ಬ್ಯಾಂಡ್ ಪ್ರಸಿದ್ಧವಾಗಿತ್ತು ಎಂಬಷ್ಟು ಮಾತ್ರ ನಿಜ.

ಆ ಬ್ಯಾಂಡಿನ ಬಗ್ಗೆ ಊರಿನಲ್ಲಿ ಇನ್ನೊಂದು ಕತೆ ಈಗಲೂ ಚಾಲ್ತಿಯಲ್ಲಿದೆ. ಎರಡನೆಯ ಕ್ಲಾರಿಯೊನೆಟ್ ನುಡಿಸುತ್ತಿದ್ದ ಹನುಮಂತ ಹೊಟ್ಟೆಕಿಚ್ಚಿನಿಂದ ಮಾಸ್ತರರ ವಾದ್ಯವನ್ನು ಬೇಕೆಂದೇ ಕೆಡವಿ ಒಡೆದನಂತೆ. ಈ ಕತೆಯನ್ನು ನನ್ನೆದುರಿಗೇ ನನಗೆ ಹೇಳಿದವರಿದ್ದಾರೆ. ನಾನು ಆ ವಾದ್ಯವನ್ನು ಬಿಚ್ಚಿ ನೋಡಿದವನು. ಆದ್ದರಿಂದ ಇದನ್ನು ಬರೆದಿಡುವ ಹೊಣೆ ನನ್ನದು.

ನಾನು ಬನವಾಸಿ ಕಡೆಯವನು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಸೈಕಲ್ ರಿಪೇರಿ ಕಲಿತೆ. ಬೆಸುಗೆಯ ಕೆಲಸ ಕೈಗೆ ಹತ್ತಿದ ಮೇಲೆ ಮಾಸ್ತರರು ನೆಗ್ಗಿದ ಯುಫೋನಿಯಂ ಒಂದನ್ನು ತಂದುಕೊಟ್ಟು ಸರಿಪಡಿಸಲು ಹೇಳಿದರು. ಅಂದಿನಿಂದ ಅವರ ಬಳಿಯೇ ಉಳಿದೆ. ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾದ ಒಬ್ಬರು ವಾದ್ಯಗಳ ಆರೈಕೆಯ ಬಗೆಗಿನ ಇಂಗ್ಲಿಷ್ ಪುಸ್ತಕವೊಂದನ್ನು ನನಗೆ ಕೊಟ್ಟಿದ್ದರು. ಅದರ ಅರ್ಧ ಹಾಳೆಗಳು ಗೆದ್ದಲಿಗೆ ಹೋಗಿ, ಲೋಹದ ವಾದ್ಯಗಳ ಅಧ್ಯಾಯಗಳಷ್ಟೇ ಉಳಿದಿದ್ದವು. ಅವನ್ನು ನಿಘಂಟು ಹಿಡಿದು ನಾಲ್ಕು ಸಲ ಓದಿದೆ. ಬ್ಯಾಂಡಿನವರು ನನ್ನನ್ನು ‘ಡಾಕ್ಟರು’ ಎನ್ನುತ್ತಿದ್ದರು. ಅದು ಹಾಸ್ಯವೆಂದು ಗೊತ್ತಿದ್ದರೂ ನನಗೆ ಹಿತವಾಗುತ್ತಿತ್ತು.

ಮದುವೆಗಳಿಲ್ಲದ ಮಳೆಗಾಲದ ನಾಲ್ಕು ತಿಂಗಳು ವಾದ್ಯಗಳನ್ನು ಕಾಪಾಡುವುದೇ ನನ್ನ ಮುಖ್ಯ ಕೆಲಸ. ಶಿರಸಿಯ ಮಳೆಗೆ ಗೋಡೆಯೂ ಬೂಷ್ಟು ಹಿಡಿಯುತ್ತದೆ. ಪೆಟ್ಟಿಗೆಯೊಳಗಿನ ಮಖಮಲ್ಲನ್ನು ಅದು ಬಿಡುತ್ತದೆಯೇ? ತೇವವೇ ವಾದ್ಯದ ಮೊದಲ ಶತ್ರು ಎಂದು ಪುಸ್ತಕ ಹೇಳಿತ್ತು. ನಮ್ಮ ಕಡೆ ತೇವ ತಾಗಬಾರದ ವಸ್ತುವನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು ವಾಡಿಕೆ: ಬಿತ್ತನೆಯ ಬೀಜ, ಕಂಬಳಿ, ಉಪ್ಪಿನ ಮಡಕೆ, ಎಲ್ಲವೂ ಅಲ್ಲಿಯೇ. ಆ ವರ್ಷ ಜೂನ್ ಮೊದಲ ವಾರದಲ್ಲಿ ನಾನು ವಾದ್ಯಗಳನ್ನೆಲ್ಲ ಪೆಟ್ಟಿಗೆಯಿಂದ ಹೊರತೆಗೆದು, ಬಟ್ಟೆಯ ಚೀಲಗಳಲ್ಲಿ ಕಟ್ಟಿ, ಮಾಸ್ತರರ ಮನೆಯ ಅಡಿಗೆ ಕೋಣೆಯ ಅಟ್ಟದಲ್ಲಿ ತೂಗುಹಾಕಿದೆ. ಮಾಸ್ತರರ ಕ್ಲಾರಿಯೊನೆಟ್ಟಿಗೆ ಒಲೆಯ ನೇರ ಮೇಲಿನ ಗಳವನ್ನೇ ಆರಿಸಿದೆ. ಅದೇ ಅತ್ಯಂತ ಬೆಚ್ಚನೆಯ ಜಾಗ. ಪಕ್ಕದಲ್ಲಿ ಒಣಗಿಸಿದ ಬಂಗಡೆ ಮೀನಿನ ಬುಟ್ಟಿಯಿತ್ತು. ಡ್ರಮ್ಮಿನ ಗೌಸ ಕೆಳಗೆ ನಿಂತು ನೋಡುತ್ತಿದ್ದ.

“ಡಾಕ್ಟರೇ, ದೀಪಾವಳಿಗೆ ಇಳಿಸೋವಾಗ ನೋಡ್ಕೊಂಡು ಇಳಿಸಿ. ಮಾಸ್ತರು ಬಂಗಡೆ ಊದಿದ್ರೆ ಮದುವೆ ನಿಂತುಹೋಗ್ತದೆ.”

ಎಲ್ಲರೂ ನಕ್ಕರು. ಅಂದು ಹನುಮಂತನೂ ಇದ್ದ. ಅವನು ನಕ್ಕನೋ ಇಲ್ಲವೋ ನನಗೆ ನೆನಪಿಲ್ಲ; ನಾನು ಗಮನಿಸಿರಲಿಲ್ಲ.

ಹನುಮಂತ ಯಲ್ಲಾಪುರದವನು, ಆಗ ಇಪ್ಪತ್ತೆಂಟರ ಪ್ರಾಯ. ಮಾತು ಕಡಿಮೆ, ಉಸಿರು ಉದ್ದ. ಮಾಸ್ತರರು ರಾಗ ಹಿಡಿದಾಗ ಇವನು ಅದರ ಕೆಳಗೆ ಮೆಲುವಾಗಿ ಶ್ರುತಿ ಕೊಡಬೇಕು. ಎರಡನೆಯ ಕ್ಲಾರಿಯೊನೆಟ್ಟಿನ ಕೆಲಸವೇ ಅದು. ಆರು ವರ್ಷ ಹಾಗೆ ನುಡಿಸಿದ ಮೇಲೆ, ಆ ದೀಪಾವಳಿಯ ಹೊತ್ತಿಗೆ, ಒಂದು ಹಾಡನ್ನಾದರೂ ತಾನೊಬ್ಬನೇ ಮುಂದೆ ನಿಂತು ನುಡಿಸುವೆನೆಂದು ಅವನು ಮಾಸ್ತರರನ್ನು ಕೇಳಿದ. ಮಾಸ್ತರರು ಇನ್ನೂ ಕಾಲವಿದೆ ಎಂದರು. ಈ ಮಾತು ಎಲ್ಲರ ಎದುರಿಗೇ ಆಗಿತ್ತು. ಮುಂದೆ ಅವನಿಗೆ ಮುಳುವಾದದ್ದು ಅದೇ.

ಡಿಸೆಂಬರಿನಲ್ಲಿ ಕಾನಸೂರಿನ ಒಂದು ಮದುವೆ ಒಪ್ಪಿಕೊಂಡಿದ್ದೆವು. ಬೆಳಗಿನ ಮೊದಲ ಬಸ್ಸಿನಲ್ಲಿ ಹೋದೆವು. ಬಸ್ಸಿನ ಮಾಳಿಗೆಯಿಂದ ವಾದ್ಯಗಳನ್ನು ಇಳಿಸುವುದು ಕಿರಿಯ ವಾದಕರ ಪಾಲಿನ ಕೆಲಸ. ಏಣಿಯ ಮೇಲಿದ್ದ ಹನುಮಂತನ ಕೈಯಿಂದ ಮಾಸ್ತರರ ಕ್ಲಾರಿಯೊನೆಟ್ ಪೆಟ್ಟಿಗೆ ಜಾರಿತು. ಅದು ರಸ್ತೆಯ ಬದಿಯ ಹುಲ್ಲಿನ ಮೇಲೆ, ಎದೆಮಟ್ಟದ ಎತ್ತರದಿಂದ ಬಿತ್ತು. ಮಾಸ್ತರರು ಪೆಟ್ಟಿಗೆ ತೆರೆದು ನೋಡಿ, ಏನೂ ಆಗಿಲ್ಲವೆಂದು ಮುಚ್ಚಿದರು. ನಾನೂ ನೋಡಿದೆ. ಏನೂ ಕಾಣಲಿಲ್ಲ.

ಚಳಿ ಕೊರೆಯುತ್ತಿತ್ತು. ದಿಬ್ಬಣ ರಸ್ತೆಯಿಂದ ಮನೆಯ ಕಡೆಗೆ ಹೊರಟಿತು. ಮೂರನೆಯ ಹಾಡಿನ ನಡುವೆ ಮಾಸ್ತರರ ಸ್ವರ ಒಮ್ಮೆ ಕೀರಲಾಯಿತು, ಮತ್ತೊಮ್ಮೆ ಗಾಳಿಯಷ್ಟೇ ಬಂತು, ಆಮೇಲೆ ನಿಂತೇಹೋಯಿತು. ಮುಂದೆ ನಡೆಸುವ ವಾದ್ಯವೇ ನಿಂತದ್ದರಿಂದ ಟ್ರಂಪೆಟ್ಟಿನವರು ದಾರಿತಪ್ಪಿ ಒಬ್ಬೊಬ್ಬರಾಗಿ ನಿಂತರು. ಕೊನೆಗೆ ಗೌಸನ ಡ್ರಮ್ಮೊಂದೇ ಉಳಿಯಿತು. ಹೆಣ್ಣಿನ ತಂದೆ, ಕಾನಸೂರಿನ ಹೆಗಡೆಯವರು, ಚಪ್ಪರದ ಬಾಗಿಲಿನಿಂದ ಮುಂದೆ ಬಂದರು.

“ಎಂತಾತು ಮಾಸ್ತರೇ? ದಿಬ್ಬಣ ಬಾಗಿಲಿಗೆ ಬಂದಾತು, ನಿಮ್ಮ ವಾದ್ಯದ ಸದ್ದೇ ಇಲ್ಯಲ.”

ಮಾಸ್ತರರು ಕ್ಲಾರಿಯೊನೆಟ್ಟನ್ನು ಎತ್ತಿ ಹಿಡಿದರು. ಮರದ ಮೇಲಿನ ತುಂಡಿನಲ್ಲಿ ಬಾಯಿಯ ಕಡೆಯಿಂದ ಮೂರನೆಯ ರಂಧ್ರದವರೆಗೆ ಸೀಳು ಬಿಟ್ಟಿತ್ತು. ಅವರು ಹನುಮಂತನತ್ತ ತಿರುಗಿ, ದಿಬ್ಬಣದ ಜನರೆಲ್ಲ ಕೇಳುವಂತೆ, “ನಿನಗೆ ಮುಂದೆ ನಿಲ್ಲಬೇಕಿತ್ತು. ಈಗ ನಿಲ್ಲು,” ಎಂದರು. ಅವನು ನಿಲ್ಲಲಿಲ್ಲ. ತನ್ನ ವಾದ್ಯವನ್ನು ಮಾಸ್ತರರ ಕೈಗೆ ಕೊಟ್ಟು, ಬಂದ ರಸ್ತೆಯಲ್ಲೇ ನಡೆದುಹೋದ. ಆ ವಾದ್ಯ ಬ್ಯಾಂಡಿನದೇ ಆಗಿತ್ತು. ಮಾಸ್ತರರು ಅದರಲ್ಲಿಯೇ ಉಳಿದ ಮದುವೆಯನ್ನು ನುಡಿಸಿ ಮುಗಿಸಿದರು.

ನಾಲ್ಕು ದಿನದೊಳಗೆ ಕತೆ ಯಲ್ಲಾಪುರ ಮುಟ್ಟಿತು. ಬೇರೆ ಎರಡು ಬ್ಯಾಂಡಿನವರು ಹನುಮಂತನನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲವೆಂದು ತಿಳಿಯಿತು. ಯಜಮಾನನ ವಾದ್ಯ ಒಡೆದವನನ್ನು ಪಕ್ಕದಲ್ಲಿ ಯಾರು ಕೂರಿಸಿಕೊಳ್ಳುತ್ತಾರೆ?

ಸೀಳಿದ ಕ್ಲಾರಿಯೊನೆಟ್ ನನ್ನ ಮೇಜಿಗೆ ಬಂತು. ತಾಲೀಮು ಕೋಣೆಯ ಹಿಂಬದಿಯ ಚಿಕ್ಕ ಕೋಣೆಯಲ್ಲಿ ನಾನೊಬ್ಬನೇ ಇರುತ್ತಿದ್ದೆ. ರಂಧ್ರ ಮುಚ್ಚುವ ಲೋಹದ ಕೀಲಿಗಳನ್ನು ಬಿಚ್ಚುವ ಮೊದಲೇ ಒಂದು ಸಂಗತಿ ಕೈಗೆ ತಿಳಿಯಿತು. ತುಂಡುಗಳ ತುದಿಯಲ್ಲಿ ಮರವನ್ನು ಬಿಗಿಹಿಡಿಯುವ ಲೋಹದ ಉಂಗುರಗಳಿರುತ್ತವೆ. ಅವು ಬೆರಳಿಗೆ ಸಲೀಸಾಗಿ ತಿರುಗುತ್ತಿದ್ದವು, ಒಂದಲ್ಲ, ಎಲ್ಲವೂ. ಬಿದ್ದ ಏಟಿಗೆ ಒಂದು ಉಂಗುರ ಸಡಿಲವಾದೀತು, ಎಲ್ಲವೂ ಸಡಿಲವಾಗಬೇಕಾದರೆ ಮರವೇ ಒಣಗಿ ಕುಗ್ಗಿರಬೇಕು. ಸೀಳಿನೊಳಗೆ ಸೂಜಿಗೆ ಸುತ್ತಿದ ಹತ್ತಿಯನ್ನು ಎಳೆದೆ. ಹತ್ತಿಗೆ ಇಲ್ಲಣ ಹತ್ತಿತು, ಒಲೆಯ ಹೊಗೆಯಿಂದ ಜಂತಿಗೆ ಕಟ್ಟುವ ಆ ಕಪ್ಪು ಮಸಿ. ಸೀಳಿನ ಕೊನೆಯ ಅರ್ಧ ಅಂಗುಲ ಮಾತ್ರ ಮಸಿಯಿಲ್ಲದೆ ಕಂದು ಬಣ್ಣವಾಗಿ, ಹೊಸದಾಗಿ ಇತ್ತು. ಅಂದರೆ ವಾದ್ಯ ಸೀಳಿದ್ದು ಕಾನಸೂರಿನಲ್ಲಲ್ಲ, ಅಟ್ಟದಲ್ಲಿ. ಕಪ್ಪು ಮರದಲ್ಲಿ ಕಪ್ಪು ಮಸಿ ತುಂಬಿದ ಕೂದಲೆಳೆಯ ಬಿರುಕು ಯಾರಿಗೂ ಕಂಡಿರಲಿಲ್ಲ. ಚಳಿಯ ಬೆಳಿಗ್ಗೆ ಬಿಸಿಯುಸಿರು ಹೋದೊಡನೆ ಅದು ಬಾಯಿಬಿಟ್ಟಿತ್ತು. ಲೋಹಕ್ಕೆ ಹೇಳಿದ ಪಥ್ಯವನ್ನು ನಾನು ಮರಕ್ಕೆ ಮಾಡಿಸಿದ್ದೆ.

ಇದನ್ನು ತಿಳಿದ ಮೇಲೆ ಹನ್ನೊಂದು ದಿನ ನಾನು ಬಾಯಿ ತೆರೆಯಲಿಲ್ಲ. ಗೋಡೆಯ ಆಚೆ ತಾಲೀಮು ನಡೆಯುತ್ತಿತ್ತು. ಹನುಮಂತನ ವಾದ್ಯದಲ್ಲಿ ಮಾಸ್ತರರ ರಾಗ ಕೇಳುತ್ತಿತ್ತು, ಅದರ ಕೆಳಗಿನ ಶ್ರುತಿ ಇರುತ್ತಿರಲಿಲ್ಲ. ನಾನು ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಿದ್ದೆ. ಗೌಸ ಚಹಾ ಕುಡಿಯಲು ಕರೆದರೂ ಹೋಗಲಿಲ್ಲ. ಎಲ್ಲರ ಮಾತನ್ನೂ ಶಂಕಿಸುವುದು ನನ್ನ ಸ್ವಭಾವವೆಂದು ಹೆಮ್ಮೆಪಟ್ಟವನಿಗೆ ಆ ಹನ್ನೊಂದು ದಿನ ನನ್ನ ಜೊತೆ ನಾನೇ ಇರುವುದು ಕಷ್ಟವಾಯಿತು.

ಹನ್ನೆರಡನೆಯ ದಿನ ಮಾಸ್ತರರ ಮನೆಗೆ ಹೋಗಿ ಉಂಗುರವನ್ನೂ ಹತ್ತಿಯನ್ನೂ ತೋರಿಸಿದೆ. ಅವರು ಉಂಗುರವನ್ನು ಬೆರಳಿನಿಂದ ತಿರುಗಿಸಿ ನೋಡಿದರು.

“ನೀನು ಹೇಳಿದ್ದು ಖರೆ ಇರಬಹುದು ಬಸಪ್ಪ. ಆದ್ರೆ ಅಷ್ಟು ಜನರ ಎದುರು ಅವನಿಗೆ ಅಂದುಬಿಟ್ಟೆ. ಈಗ ತಪ್ಪು ಅಂದ್ರೆ ಬ್ಯಾಂಡು ನನ್ನ ಮಾತು ಕೇಳ್ತದಾ? ಇದು ನಮ್ಮಿಬ್ಬರಲ್ಲೇ ಇರ್ಲಿ.”

ಮರುದಿನ ನಾನು ಯಲ್ಲಾಪುರದ ಬಸ್ ಹತ್ತಿದೆ. ಹನುಮಂತ ನಾಟಾ ಡಿಪೋದಲ್ಲಿ, ಮರದ ದಿಮ್ಮಿಗಳಿಗೆ ಸುತ್ತಿಗೆಯಿಂದ ಮುದ್ರೆ ಒತ್ತುವ ಕೆಲಸದಲ್ಲಿದ್ದ. ನಾನು ಸೀಳಿನ ಸಂಗತಿಯನ್ನೆಲ್ಲ ಕ್ರಮವಾಗಿ ವಿವರಿಸಿದೆ. ಅವನು ಸುತ್ತಿಗೆ ಕೆಳಗಿಟ್ಟು ಕೇಳಿಸಿಕೊಂಡ. ಆಮೇಲೆ ಪಕ್ಕದ ದಿಮ್ಮಿಯ ತುದಿಯ ಬಿರುಕೊಂದಕ್ಕೆ ಬೆರಳಿಟ್ಟ.

“ಇದನ್ನ ನೋಡ್ಕೋತ ಬೆಳೆದಾಂವ ನಾ. ಬಿಸಲಿಗಿ ಇಟ್ರ ನಾಟಾ ಸೀಳ್ತದ. ಜೂನ್ ತಿಂಗಳದಾಗ ಹೇಳೂಣು ಅಂದ್ಕೊಂಡೆ. ನೀವು ಬುಕ್ ಓದಿದಾಂವ್ರು, ನಿಮಗ ಯಾರು ಹೇಳ್ಬೇಕು?”

ಹಾಗಾದರೆ ಕಾನಸೂರಿನಲ್ಲಿ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

“ಪೆಟ್ಟಿಗಿ ಬಿದ್ದದ್ದು ಖರೇನ ಐತಿ. ಬಿದ್ದಿಲ್ಲ ಅಂತ ಹೆಂಗ ಹೇಳ್ಲಿ? ಏನಾತು ಅಂತ ಯಾರರ ಕೇಳಿದ್ರ ಹೇಳ್ತಿದ್ದೆ. ಬಸಣ್ಣಾರ, ನೀವೂ ಕಟ್ಟಿಗೀನ ಕೇಳಿದ್ರಿ, ನನ್ನ ಕೇಳಲಿಲ್ಲ.”

ಮರಳಿ ಬರುತ್ತೀಯಾ ಎಂದಾಗ ಅವನು ಒಂದೇ ಷರತ್ತು ಹಾಕಿದ: ಬ್ಯಾಂಡಿನವರೆದುರು ಹೇಳಬೇಕು, ಕಾನಸೂರಿನ ಆ ಮನೆಯಲ್ಲೂ ಹೇಳಬೇಕು. ಆಮೇಲೆ ವಿಚಾರ ಮಾಡುತ್ತೇನೆಂದ.

ಎರಡನ್ನೂ ಮಾಡಿದೆ. ತಾಲೀಮು ಕೋಣೆಯಲ್ಲಿ, ಎಲ್ಲರೂ ಕೂತಿದ್ದಾಗ, ಕ್ಲಾರಿಯೊನೆಟ್ ಒಡೆದವನು ನಾನು ಎಂದೆ, ಹೇಗೆಂದು ತೋರಿಸಿದೆ. ಮಾಸ್ತರರು ಎದ್ದು, “ಬೀಗದ ಕೈ ಇಟ್ಟು ಹೋಗು,” ಎಂದರು. ಇಟ್ಟೆ. ಮರುದಿನ ಕಾನಸೂರಿಗೆ ಹೋದೆ. ಹೆಗಡೆಯವರು ಕೂರಿಸಿ, ಎಲೆ ಅಡಿಕೆಯ ತಟ್ಟೆ ಮುಂದಿಟ್ಟು, ಎಲ್ಲವನ್ನೂ ಸಮಾಧಾನದಿಂದ ಕೇಳಿದರು.

“ಅದೆಲ್ಲಾ ಇರ್ಲಿ ಬಸಪ್ಪ. ಪೆಟ್ಟಿಗೆ ಬಿದ್ದಿದ್ದನ್ನ ನಮ್ಮನೆ ಆಳೇ ಕಂಡಿದ್ದ. ಕವಳ ಹಾಕು.”

ಇದನ್ನೂ ಯಲ್ಲಾಪುರಕ್ಕೆ ಹೋಗಿ ಹನುಮಂತನಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದೆ. ನನ್ನ ಕೆಲಸ ಹೋಯಿತೆಂದು ಕೇಳಿ ಅವನಿಗೆ ಬೇಸರವಾಯಿತು. ಊಟ ಮಾಡಿಸಿ ಕಳಿಸಿದ. ಬ್ಯಾಂಡಿಗೆ ಮಾತ್ರ ಮರಳಲಿಲ್ಲ, ಬೇರೆ ಎಲ್ಲಿಯೂ ನುಡಿಸಲಿಲ್ಲ. ಸುಳ್ಳನ್ನು ಅಳಿಸಲು ಹೋದವನು ನಾನೊಬ್ಬನೇ. ಅದನ್ನು ಹೇಳುವವರು ಮೂರು ತಾಲೂಕಿನಲ್ಲಿದ್ದರು.

ಆಮೇಲೆ ಸ್ವಂತ ಅಂಗಡಿ ಹಾಕಿ ಬಹಳ ವರ್ಷ ವಾದ್ಯಗಳನ್ನು ದುರಸ್ತಿ ಮಾಡಿದೆ. ಮರ ಯಾವುದು, ಲೋಹ ಯಾವುದು, ಯಾವುದಕ್ಕೆ ಎಷ್ಟು ತೇವ ಬೇಕು ಎಂಬುದು ಪುಸ್ತಕದಿಂದಲೂ ಅನುಭವದಿಂದಲೂ ಬಂತು. ಹನುಮಂತನಿಂದ ಬಂದದ್ದು ಬೇರೆ. ಒಡೆದ ವಾದ್ಯವನ್ನು ಯಾರಾದರೂ ತಂದರೆ ನಾನು ಅದನ್ನು ಕೂಡಲೇ ಕೈಗೆತ್ತಿಕೊಳ್ಳುತ್ತಿರಲಿಲ್ಲ. ತಂದವನನ್ನು ಸ್ಟೂಲಿನ ಮೇಲೆ ಕೂರಿಸಿ, ಏನಾಯಿತೆಂದು ಮೊದಲು ಅವನನ್ನು ಕೇಳುತ್ತಿದ್ದೆ. ಅವನು ಹೇಳಿ ಮುಗಿಸುವವರೆಗೆ ಸುಮ್ಮನಿರುತ್ತಿದ್ದೆ.